ಸೆರಗಿನ ಗಂಟಿನಲ್ಲಿ ಆರು ಕೀಲಿಕೈ

ರಾಯಚೂರಿನ ಕೋಟೆ, ಮಸ್ಕಿಯ ಅಶೋಕನ ಶಾಸನ ಎರಡನ್ನೂ ನೋಡಿದೆ. ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನನ್ನನ್ನು ಇವತ್ತಿಗೂ ಬಿಡದಿರುವುದು ಅದೇ ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಒಂದು ಓಣಿ.

2023ರ ಫೆಬ್ರುವರಿ. ಹತ್ತಿ ಬಿಡಿಸಿ ಮುಗಿದಿತ್ತು. ಓಣಿಯ ಉದ್ದಕ್ಕೂ ಬೀಗ ಬಿದ್ದ ಮನೆಗಳು. ಒಂದು ಕಟ್ಟೆಯ ಮೇಲೆ ಮಾತ್ರ ಅಜ್ಜಿಯೊಬ್ಬರು ಶೇಂಗಾ ಸುಲಿಯುತ್ತಿದ್ದರು. ಸೆರಗಿನ ತುದಿಯಲ್ಲಿ ದಪ್ಪ ಗಂಟು.

"ಆರು ಮನಿ ಕೀಲಿಕೈ ಅದಾವ್ರೀ," ಎಂದು ಬಿಚ್ಚಿ ತೋರಿಸಿದರು. "ಎಲ್ಲಾರೂ ಗುಳೆ ಹೋಗ್ಯಾರ. ಶುಕ್ರವಾರಕ್ಕೊಮ್ಮೆ ಬಾಗಿಲಾ ತಗದು ದೀಪಾ ಹಚ್ತೀನಿ."

ಊರಲ್ಲೇ ಉದ್ಯೋಗ ಖಾತ್ರಿ ಕೆಲಸ ಇಲ್ಲವೇ ಎಂದು ಕೇಳಿದೆ.

"ಐತ್ರೀ. ರೊಕ್ಕಾ ಯಾವಾಗ ಬರ್ತದೋ! ಬೆಂಗ್ಳೂರಾಗ ಮೇಸ್ತ್ರಿ ಶನಿವಾರಕ್ಕ ಶನಿವಾರ ಎಣಸ್ತಾನ."

ಹದಿನೈದು ದಿನದೊಳಗೆ ಕೂಲಿ ಕೊಡಬೇಕೆಂದು ಕಾನೂನಿದೆ. ನಾರಾಯಣಪುರ ಬಲದಂಡೆ ಕಾಲುವೆಯೂ ತಾಲ್ಲೂಕಿಗೆ ಬಂದಿದೆ, ಆದರೆ ಅಜ್ಜಿಯ ಎರಡು ಎಕರೆ ಇರುವುದು ಕಾಲುವೆಯ ಕೊನೆಯಲ್ಲಿ. ಮೇಲಿನವರು ಭತ್ತಕ್ಕೆ ಕಟ್ಟಿಕೊಂಡ ಮೇಲೆ ಅಲ್ಲಿಗೆ ನೀರು ಹರಿಯುವುದಿಲ್ಲ.

ಮೊಮ್ಮಗ ನಾಲ್ಕನೇ ಇಯತ್ತೆ, ಅಜ್ಜಿಯ ಹತ್ತಿರವೇ ಇದ್ದ. ಏಳನೇ ಇಯತ್ತೆಯ ಮೊಮ್ಮಗಳು?

"ಅಕಿನೂ ಬೆಂಗ್ಳೂರಿಗೆ ಕೂಸು ಹಿಡಿಲಾಕ ಹೋಗ್ಯಾಳ."

ನನಗೆ ಮುಂದೆ ಮಾತು ಹೊರಡಲಿಲ್ಲ. ಪ್ರಾದೇಶಿಕ ಅಸಮತೋಲನದ ಬಗ್ಗೆ ವರದಿ ಕೊಟ್ಟ ನಂಜುಂಡಪ್ಪ ಸಮಿತಿ 2002ರಲ್ಲೇ ದೇವದುರ್ಗವನ್ನು ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ ಸೇರಿಸಿತ್ತು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದು ಕಾಲೇಜು ಸೀಟು, ನೌಕರಿಯಲ್ಲಿ ಮೀಸಲಾತಿ ಸಿಕ್ಕಿತು. ಅದು ಬೇಕಿತ್ತು, ಬಂದದ್ದು ಒಳ್ಳೆಯದೇ. ಆದರೆ ಏಳನೇ ತರಗತಿಯ ನಡುವೆ ಶಾಲೆ ಬಿಟ್ಟ ಹುಡುಗಿ ಆ ಸೀಟಿನವರೆಗೆ ಹೋಗುವುದು ಹೇಗೆ? ದುಡಿಯಲು ಹೋದವರ ಮಕ್ಕಳಿಗೆ ಊರಲ್ಲೇ ಹಾಸ್ಟೆಲ್ಲು, ಕಟ್ಟಡದ ಜಾಗದಲ್ಲಿ ಕೂಸುಗಳಿಗೆ ಅಂಗನವಾಡಿ, ಇವೆರಡು ಮೊದಲು ಆಗಬೇಕು.

ಅಜ್ಜಿ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ರಾಯಚೂರಿನ ಹೋಟೆಲಿನಲ್ಲಿ ತಿಂದ ಎಣ್ಣೆ ತೇಲುವ ಪನೀರ್ ನೆನೆದು ಬೇಸರವಾಯಿತು.

ಹಳ್ಳಿಗೆ ಹೋಗುವವರು ವಾಪಸು ಬಸ್ಸಿನ ವೇಳೆಯನ್ನು ಇಬ್ಬರ ಹತ್ತಿರ ಕೇಳಿಕೊಳ್ಳಿ. ಆರು ಗಂಟೆಯ ಬಸ್ಸು ಅಂದು ಬರಲೇ ಇಲ್ಲ. ಹತ್ತಿ ಹೇರಿದ ಟ್ರ್ಯಾಕ್ಟರಿನ ಮೇಲೆ ಕತ್ತಲಲ್ಲಿ ದೇವದುರ್ಗ ತಲುಪಿದೆ. ಮಡಿಲಲ್ಲಿ ಬೆಂಗಳೂರಿನಲ್ಲಿದ್ದ ತನ್ನವರಿಗೆಂದು ಅಜ್ಜಿ ಕಟ್ಟಿಕೊಟ್ಟ ಕಟಕರೊಟ್ಟಿ, ಶೇಂಗಾ ಹಿಂಡಿಯ ಗಂಟಿತ್ತು.

ಮೂರನೇ ದಿನ ಬೆಂಗಳೂರಿನ ಮಾರತಹಳ್ಳಿಯ ಹಿಂದಿನ ತಗಡಿನ ಶೆಡ್ಡು ಹುಡುಕಿಕೊಂಡು ಹೋದೆ. ಗಂಟು ಈಸಿಕೊಂಡಿದ್ದು ಆ ಹುಡುಗಿಯೇ, ಒಂದೇ ಕೈಯಲ್ಲಿ. ಇನ್ನೊಂದು ಕೈ ಸೊಂಟದ ಮೇಲಿನ ಕೂಸನ್ನು ಹಿಡಿದಿತ್ತು.