ವ್ಯಾನಿನಲ್ಲಿ ಫ್ರೀ ಡಿಶ್: ದಿಕ್ಕು ಹಿಡಿಯುವುದು, ರೆಕಾರ್ಡ್ ಮಾಡುವುದು

ಕ್ಯಾಂಪರ್ ವ್ಯಾನಿಗೆ ಟಿವಿ ಹಾಕಿಸುವವರು ಯಾವ ಡಿಟಿಎಚ್ ತಗೊಳ್ಳಲಿ ಅಂತ ಕೇಳಿದರೆ ನನ್ನ ಉತ್ತರ ಡಿಡಿ ಫ್ರೀ ಡಿಶ್. ತಿಂಗಳ ಬಾಡಿಗೆ ಇಲ್ಲ, ಮಳೆಗಾಲವಿಡೀ ವ್ಯಾನ್ ಶೆಡ್ಡಿನಲ್ಲೇ ನಿಂತರೂ ರೀಚಾರ್ಜ್ ಗೋಜಿಲ್ಲ. ಅದಕ್ಕಿಂತ ದೊಡ್ಡ ಕಾರಣ ರೆಕಾರ್ಡಿಂಗ್. ದುಡ್ಡು ಕೊಟ್ಟು ನೋಡುವ ಡಿಟಿಎಚ್‌ಗಳಲ್ಲಿ ರೆಕಾರ್ಡ್ ಮಾಡಿದ್ದು ಸಾಮಾನ್ಯವಾಗಿ ಆ ಬಾಕ್ಸ್‌ಗೇ ಕಟ್ಟುಬಿದ್ದಿರುತ್ತದೆ. ಬಾಕ್ಸ್ ಕೆಟ್ಟರೆ ರೆಕಾರ್ಡಿಂಗೂ ಹೋಯಿತು. ಫ್ರೀ ಡಿಶ್‌ನ ಸಾಮಾನ್ಯ ಚಾನೆಲ್‌ಗಳಿಗೆ ಬೀಗವಿಲ್ಲದ ಕಾರಣ, ಪೆನ್‌ಡ್ರೈವ್‌ಗೆ ಇಳಿಸಿದ್ದನ್ನು ಲ್ಯಾಪ್‌ಟಾಪ್‌ನಲ್ಲೂ ನೋಡಬಹುದು. ಚಂದನ ಬರುತ್ತದೆ. 2007ರ ಕಾಯ್ದೆಯಿಂದಾಗಿ ಭಾರತ ಆಡುವ ಮುಖ್ಯ ಕ್ರಿಕೆಟ್ ಪಂದ್ಯಗಳ ಪ್ರಸಾರವನ್ನು ಖಾಸಗಿಯವರು ದೂರದರ್ಶನದ ಜೊತೆ ಹಂಚಿಕೊಳ್ಳಬೇಕಾದ್ದರಿಂದ ಅವೂ ಡಿಡಿ ಸ್ಪೋರ್ಟ್ಸ್‌ನಲ್ಲಿ ಸಿಗುತ್ತವೆ. ಇಷ್ಟು ಸಾಲದು ಅನ್ನುವವರು ಹೇಗೂ ಫೋನಿನಲ್ಲೇ ನೋಡುತ್ತಾರೆ.

ಫ್ರೀ ಡಿಶ್ ಬರುವುದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ. ನಮ್ಮ ರಾಜ್ಯದಿಂದ ಅದು ಆಗ್ನೇಯಕ್ಕೆ, ಆಕಾಶದಲ್ಲಿ ಸಾಕಷ್ಟು ಮೇಲೆ ಇದೆ. ಉತ್ತರದಿಂದ ಪ್ರದಕ್ಷಿಣೆಯಾಗಿ ಎಣಿಸಿದರೆ ಬೆಂಗಳೂರಿಗೆ 128 ಡಿಗ್ರಿ, ನೆಲಮಟ್ಟದಿಂದ ಮೇಲಕ್ಕೆ ಎತ್ತರ 66 ಡಿಗ್ರಿ. ಮೈಸೂರಿಗೆ 125, ಎತ್ತರ 65-66. ಮಂಗಳೂರಿಗೆ 123-124, ಎತ್ತರ 63-64. ಬೆಳಗಾವಿಗೆ 128, ಎತ್ತರ 61. ಬೀದರಿಗೆ 137, ಎತ್ತರ 62. ಅಂದರೆ ರಾಜ್ಯದಲ್ಲಿ ಎಲ್ಲಿಗೇ ಹೋದರೂ ಎತ್ತರದಲ್ಲಿ ಐದಾರು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿಲ್ಲ. ಬ್ರಾಕೆಟ್‌ನ ಮೇಲೆ 61ರಿಂದ 66ರವರೆಗೆ ಮಾರ್ಕರ್‌ನಲ್ಲಿ ಗೆರೆ ಹಾಕಿಟ್ಟುಕೊಂಡರೆ, ಹೊಸ ಜಾಗದಲ್ಲಿ ಉಳಿಯುವ ಕೆಲಸ ಡಿಶ್ಶನ್ನು ಎಡಬಲ ತಿರುಗಿಸುವುದಷ್ಟೇ.

ಇಷ್ಟು ಮೇಲೆ ನೋಡುವುದರಿಂದ ಇನ್ನೊಂದು ಅನುಕೂಲವಿದೆ. ಘಟ್ಟದ ಗುಡ್ಡಗಳು ಅಡ್ಡ ಬರುವುದು ಅಪರೂಪ. 15 ಮೀಟರ್ ಎತ್ತರದ ಅಡಿಕೆ ಮರವಾದರೂ ಡಿಶ್ಶಿನಿಂದ ಎಂಟು ಮೀಟರ್ ಆಚೆಗಿದ್ದರೆ ತೊಂದರೆಯಿಲ್ಲ. ಮೂರು ಮೀಟರ್ ಎತ್ತರದ ವ್ಯಾನಿನ ಪಕ್ಕದಲ್ಲೇ, ಒಂದೂವರೆ ಎರಡು ಮೀಟರ್ ಬಿಟ್ಟು ಡಿಶ್ ಇಡಬಹುದು. ತಲೆಯ ಮೇಲೆ ಕೊಂಬೆ ಹರಡಿದ್ದರೆ ಮಾತ್ರ ಆಸೆ ಬಿಡಿ. ಒದ್ದೆ ಎಲೆಯಂತೂ ಸಿಗ್ನಲ್ಲನ್ನು ಪೂರ್ತಿ ನುಂಗುತ್ತದೆ. ನೆರಳಿಗೆ ವ್ಯಾನ್, ಬಿಸಿಲಿಗೆ ಡಿಶ್: ಜಾಗ ಹುಡುಕುವಾಗ ಇಷ್ಟು ನೋಡಿಕೊಳ್ಳಿ.

ಈ ಕಾರಣಕ್ಕೇ ಚಾವಣಿಗೆ ಬೋಲ್ಟ್ ಮಾಡುವುದಕ್ಕಿಂತ ನೆಲದ ಮೇಲಿನ ಟ್ರೈಪಾಡ್ ವಾಸಿ. ಚಾವಣಿಯ ಡಿಶ್ ವ್ಯಾನ್ ನಿಂತ ಕಡೆಯೇ ನಿಲ್ಲಬೇಕು, ವ್ಯಾನ್ ಇಳಿಜಾರಿನಲ್ಲಿದ್ದರೆ ಡಿಶ್ಶೂ ಓರೆಯಾಗುತ್ತದೆ. ಹೊರದೇಶಗಳ ಆರ್‌ವಿಗಳಿಗೆ ಬರುವ, ತಾನೇ ಉಪಗ್ರಹ ಹುಡುಕುವ ಡಿಶ್‌ಗಳು ದುಬಾರಿ. ಅವುಗಳ ಪಟ್ಟಿಯಲ್ಲಿ 93.5 ಇದೆಯೋ ಇಲ್ಲವೋ ಖಚಿತಪಡಿಸಿಕೊಳ್ಳದೆ ಕೊಳ್ಳಬೇಡಿ.

60 ಸೆಂಟಿಮೀಟರ್ ಡಿಶ್ ಬೇಸಗೆಗೆ ಸಾಕು. ಮಳೆಗಾಲದಲ್ಲಿ ಮಲೆನಾಡು, ಕರಾವಳಿ ಸುತ್ತುವವರು 75 ಸೆಂ.ಮೀ. ತಗೊಳ್ಳಿ, ಸಿಗ್ನಲ್ ಸುಮಾರು 2 ಡಿಬಿ (ಡೆಸಿಬೆಲ್, ಸಿಗ್ನಲ್ ಬಲದ ಅಳತೆ) ಹೆಚ್ಚು ಸಿಗುತ್ತದೆ. 90 ಸೆಂ.ಮೀ. ಡಿಶ್ ಮೂರೂವರೆ ಡಿಬಿ ಕೊಡುತ್ತದೆ ನಿಜ, ಆದರೆ 60ರದಕ್ಕಿಂತ ಎರಡೂಕಾಲು ಪಟ್ಟು ಗಾಳಿ ತಡೆಯುತ್ತದೆ, ಟ್ರೈಪಾಡ್ ಮಗುಚುತ್ತದೆ. ಯಾವುದೇ ಇರಲಿ, ಟ್ರೈಪಾಡ್ ನಡುವಿಗೆ 20 ಲೀಟರ್ ನೀರಿನ ಕ್ಯಾನ್ ತೂಗುಹಾಕಿ.

ಜೋಡಿಸುವ ಕ್ರಮ ಹೀಗೆ. ಟ್ರೈಪಾಡ್‌ನ ಕಂಬ ನೆಟ್ಟಗಿದೆಯೇ ಅಂತ ರಸಮಟ್ಟದಲ್ಲಿ ಎರಡು ಕಡೆಯಿಂದ ನೋಡಿ. ಕಂಬ ವಾಲಿದರೆ ಬ್ರಾಕೆಟ್ ಮೇಲಿನ ಗೆರೆಗಳೆಲ್ಲ ಸುಳ್ಳಾಗುತ್ತವೆ. ದಿಕ್ಸೂಚಿ ನೋಡುವಾಗ ವ್ಯಾನಿನಿಂದ ನಾಲ್ಕೈದು ಹೆಜ್ಜೆ ದೂರ ಹೋಗಿ, ಕಬ್ಬಿಣ ಮುಳ್ಳನ್ನು ಎಳೆಯುತ್ತದೆ. ಬಾಕ್ಸ್‌ನ ಮೆನುವಿನಲ್ಲಿ ಎಲ್‌ಎನ್‌ಬಿ (ಡಿಶ್ಶಿನ ಮುಂದೆ ಕೂತು ಸಿಗ್ನಲ್ ಹಿಡಿಯುವ ತಲೆ) ಯೂನಿವರ್ಸಲ್, 9750/10600. ಫ್ರೀಕ್ವೆನ್ಸಿ 11090, ವರ್ಟಿಕಲ್, ಸಿಂಬಲ್ ರೇಟ್ 29500 ಹಾಕಿ. ಡಿಶ್ಶನ್ನು ಲೆಕ್ಕದ ದಿಕ್ಕಿಗಿಂತ ಹತ್ತು ಡಿಗ್ರಿ ಪೂರ್ವಕ್ಕೆ ಇಟ್ಟು, ಅಲ್ಲಿಂದ ದಕ್ಷಿಣಕ್ಕೆ ಒಂದು ಬೆರಳಿನಷ್ಟು ತಿರುಗಿಸಿ, ಎರಡು ಮೂರು ಸೆಕೆಂಡ್ ಕಾಯಿರಿ. ಬಾಕ್ಸ್ ಲಾಕ್ ಆಗಲು ಅಷ್ಟು ಹೊತ್ತು ಬೇಕು. ಬೇಗ ತಿರುಗಿಸಿದವರು ಸರಿಯಾದ ಜಾಗ ದಾಟಿ ಹೋಗಿ, ಎಲ್‌ಎನ್‌ಬಿ ಕೆಟ್ಟಿದೆ ಅಂತ ಬೈಯುತ್ತಾರೆ.

ನೋಡಬೇಕಾದ್ದು ಕ್ವಾಲಿಟಿ ಪಟ್ಟಿ. ಸ್ಟ್ರೆಂತ್ ಪಟ್ಟಿ ಕೇಬಲ್, ಎಲ್‌ಎನ್‌ಬಿ ಸರಿಯಿದ್ದರೆ ಸಾಕು, ಡಿಶ್ ಗೋಡೆ ನೋಡುತ್ತಿದ್ದರೂ ಏರಿರುತ್ತದೆ. ಕಡಿಮೆ ಬೆಲೆಯ ಕೀಂಕೀಂ ಮೀಟರನ್ನೂ ಪೂರ್ತಿ ನಂಬಬೇಡಿ. 60 ಸೆಂ.ಮೀ. ಡಿಶ್ಶಿನ ನೋಟದ ಅಗಲ ಸುಮಾರು ಮೂರು ಡಿಗ್ರಿ. ಪಕ್ಕದ 95 ಡಿಗ್ರಿಯ ಉಪಗ್ರಹ ಒಂದೂವರೆ ಡಿಗ್ರಿ ಆಚೆಗಿದೆ, ಮೀಟರ್ ಎರಡಕ್ಕೂ ಒಂದೇ ಥರ ಕೂಗುತ್ತದೆ. ಲಾಕ್ ಆದ ಮೇಲೆ ಸ್ಕ್ಯಾನ್ ಮಾಡಿ ದೂರದರ್ಶನದ ಚಾನೆಲ್ ಹೆಸರು ಬಂದರಷ್ಟೇ ಸರಿ. ಕೊನೆಗೆ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ನಿಧಾನ ತಿರುಗಿಸಿ, ಕ್ವಾಲಿಟಿ ತುದಿ ಮುಟ್ಟಿದಲ್ಲಿ ಬಿಗಿ ಮಾಡಿ. ಇದನ್ನು ಬಹಳ ಜನ ಬಿಟ್ಟೇಬಿಡುತ್ತಾರೆ. ಮಂಗಳೂರಿಗೂ ಬೀದರಿಗೂ ಎಲ್‌ಎನ್‌ಬಿಯ ಓರೆಯಲ್ಲಿ ಹದಿನಾಲ್ಕು ಡಿಗ್ರಿ ವ್ಯತ್ಯಾಸವಿದೆ. ಬಿಸಿಲಿದ್ದಾಗ ಅದು ಗೊತ್ತಾಗುವುದಿಲ್ಲ, ಮೋಡ ಕಟ್ಟಿದ ಕೂಡಲೇ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ.

ಕೇಬಲ್ ಆರ್‌ಜಿ6, ಹತ್ತು ಹದಿನೈದು ಮೀಟರ್. ತುದಿಗೆ ತಿರುಗಿಸಿ ಹಾಕುವ ಕನೆಕ್ಟರ್ ಬೇಡ, ರಸ್ತೆಯ ಅದುರಿಗೆ ಸಡಿಲವಾಗುತ್ತದೆ. ಕಂಪ್ರೆಷನ್ ಕನೆಕ್ಟರ್ ಹಾಕಿಸಿ.

ಕರೆಂಟಿನ ವಿಚಾರದಲ್ಲಿ ತುಸು ಹುಷಾರಾಗಿರಬೇಕು. ಅಡಾಪ್ಟರ್ ಮೇಲೆ 12 ವೋಲ್ಟ್ ಅಂತ ಬರೆದಿರುವ ಬಾಕ್ಸನ್ನು ನೇರ ಬ್ಯಾಟರಿಗೆ ಕೊಡುವವರಿದ್ದಾರೆ. ಚಾರ್ಜ್ ಆಗುವಾಗ ಬ್ಯಾಟರಿ 14.4 ವೋಲ್ಟ್ ದಾಟುತ್ತದೆ, ಇಳಿದಾಗ 11ಕ್ಕೆ ಬರುತ್ತದೆ. ಮೊದಲನೆಯದು ಬಾಕ್ಸನ್ನು ಸುಡಬಹುದು, ಎರಡನೆಯದು ರೀಸ್ಟಾರ್ಟ್ ಮಾಡಿಸಬಹುದು. ನಡುವೆ 12 ವೋಲ್ಟ್ ಸ್ಥಿರವಾಗಿ ಕೊಡುವ, 8ರಿಂದ 10 ಆಂಪ್‌ನ ಬಕ್-ಬೂಸ್ಟ್ ಕನ್ವರ್ಟರ್ ಹಾಕಿ. ಬ್ಯಾಟರಿಯ ಬುಡದಲ್ಲೇ 7.5 ಆಂಪ್ ಫ್ಯೂಸ್, ಅಲ್ಲಿಂದ 2.5 ಚದರ ಮಿ.ಮೀ. ವೈರ್. 24 ಇಂಚಿನ 12 ವೋಲ್ಟ್ ಟಿವಿ 30 ವ್ಯಾಟ್, ಬಾಕ್ಸ್ 10 ವ್ಯಾಟ್ ಅಂದುಕೊಂಡರೆ ನಾಲ್ಕು ಗಂಟೆಗೆ 160 ವ್ಯಾಟ್-ಅವರ್. 100 ಆಂಪ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ ಇದು ಎಂಟನೇ ಒಂದು ಭಾಗ. ಎಂಜಿನ್ ಬ್ಯಾಟರಿಗೆ ಮಾತ್ರ ಸೇರಿಸಬೇಡಿ. ಸ್ಟಾರ್ಟ್ ಮಾಡುವಾಗ ವೋಲ್ಟೇಜ್ ಕುಸಿದು ಬಾಕ್ಸ್ ಆಫ್ ಆದರೆ ಓಡುತ್ತಿದ್ದ ರೆಕಾರ್ಡಿಂಗ್ ಅರ್ಧಕ್ಕೇ ನಿಂತು, ಫೈಲ್ ತೆರೆಯದೆ ಹೋಗಬಹುದು.

ರೆಕಾರ್ಡಿಂಗ್ ಹಾಳಾಗುವುದು ಡಿಶ್ಶಿನಿಂದ ಕಡಿಮೆ, ಪೆನ್‌ಡ್ರೈವ್ ಮತ್ತು ಗಡಿಯಾರದಿಂದ ಹೆಚ್ಚು. ಎಸ್‌ಡಿ (ಎಚ್‌ಡಿ ಅಲ್ಲದ) ಚಾನೆಲ್ ಗಂಟೆಗೆ 1ರಿಂದ 1.5 ಜಿಬಿ ತಿನ್ನುತ್ತದೆ. ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿದ್ದರೆ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಒಳ್ಳೆಯ ಬಾಕ್ಸ್ ತಾನೇ ತುಂಡು ಮಾಡುತ್ತದೆ. ಸಾಧಾರಣದ್ದು ಮೂರು ಗಂಟೆಯ ಆಸುಪಾಸಿನಲ್ಲಿ, ಅಂದರೆ ಟಿ20 ಪಂದ್ಯದ ಕೊನೆಯ ಓವರ್‌ಗಳ ಹೊತ್ತಿಗೆ, ಸುಮ್ಮನೆ ನಿಂತುಬಿಡುತ್ತದೆ. ಈ ಮಿತಿಯಿಲ್ಲದ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್‌ನ ಪೆನ್‌ಡ್ರೈವ್‌ಗೆ ಬಾಕ್ಸ್ ರೆಕಾರ್ಡ್ ಮಾಡುತ್ತದೆಯೇ ಅಂತ ಅಂಗಡಿಯಲ್ಲೇ ಹಾಕಿಸಿ ನೋಡಿ. ತಿರುಗುವ ಹಾರ್ಡ್‌ಡಿಸ್ಕ್ ಬೇಡ. ಬಾಕ್ಸ್‌ನ ಯುಎಸ್‌ಬಿ ಕಿಂಡಿ ಅದಕ್ಕೆ ಬೇಕಾದಷ್ಟು ಕರೆಂಟ್ ಕೊಡದೆ ಹೋದರೆ ಡಿಸ್ಕ್ ಟಿಕ್‌ಟಿಕ್ ಅನ್ನುತ್ತದೆ, ರೆಕಾರ್ಡ್ ಆಗುವುದಿಲ್ಲ.

ಟೈಮರ್ ಹಾಕಿ ತಿರುಗಾಡಲು ಹೋಗುವುದಾದರೆ ಬಾಕ್ಸನ್ನು ಸ್ಟ್ಯಾಂಡ್‌ಬೈನಲ್ಲಿ ಬಿಡಿ. ಮೇನ್ ಸ್ವಿಚ್ ಆರಿಸಿದರೆ ಬಾಕ್ಸ್‌ನ ಗಡಿಯಾರವೂ ನಿಲ್ಲುತ್ತದೆ, ಅದಕ್ಕೆ ಸಮಯ ಸಿಗುವುದು ಮತ್ತೆ ಉಪಗ್ರಹದ ಸಿಗ್ನಲ್ ಬಂದಾಗಲೇ. ಮೆನುವಿನಲ್ಲಿ ಸಮಯದ ವಲಯ +5:30 ಇದೆಯೇ ನೋಡಿ. ನೇರಪ್ರಸಾರವಾದರೆ ಆರಂಭಕ್ಕೆ ಐದು ನಿಮಿಷ ಮುಂಚೆ ಶುರುಮಾಡಿ, ಕೊನೆಗೆ ಅರ್ಧ ಗಂಟೆ ಹೆಚ್ಚು ಇಡಿ. ಒಂದೇ ಟ್ಯೂನರ್‌ನ ಬಾಕ್ಸ್‌ನಲ್ಲಿ ಒಂದು ಚಾನೆಲ್ ರೆಕಾರ್ಡ್ ಆಗುವಾಗ ಬೇರೆ ಟ್ರಾನ್ಸ್‌ಪಾಂಡರಿನ (ಒಂದೇ ಫ್ರೀಕ್ವೆನ್ಸಿಯಲ್ಲಿ ಒಟ್ಟಿಗೆ ಬರುವ ಚಾನೆಲ್‌ಗಳ ಗುಂಪು) ಚಾನೆಲ್ ನೋಡಲಾಗದು. ಅದು ದೋಷವಲ್ಲ, ಟ್ಯೂನರ್ ಇರುವುದೇ ಒಂದು.

ಇನ್ನೂ ಹೆಚ್ಚು ಬೇಕೆನ್ನುವವರಿಗೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಉಪಗ್ರಹದ ಸಿಗ್ನಲ್ ಹಿಡಿಯುವ ಡಿವಿಬಿ-ಎಸ್2 ಯುಎಸ್‌ಬಿ ಟ್ಯೂನರ್ ಮತ್ತು ರೆಕಾರ್ಡ್ ಮಾಡುವ ಟಿವಿಹೆಡ್‌ಎಂಡ್ ತಂತ್ರಾಂಶ ಇದೆ. ಒಂದೇ ಟ್ಯೂನರ್‌ನಿಂದ ಒಂದು ಟ್ರಾನ್ಸ್‌ಪಾಂಡರಿನ ಹಲವು ಚಾನೆಲ್‌ಗಳನ್ನು ಒಟ್ಟಿಗೆ ರೆಕಾರ್ಡ್ ಮಾಡುತ್ತದೆ, ವ್ಯಾನಿನೊಳಗಿನ ವೈಫೈ ಮೇಲೆ ಫೋನಿಗೂ ಕಳಿಸುತ್ತದೆ. ಟ್ಯೂನರ್‌ಗೆ ಬೇರೆಯೇ 12 ವೋಲ್ಟ್ ಬೇಕು, ಎಲ್‌ಎನ್‌ಬಿಗೆ ಹೋಗುವ 13 ಅಥವಾ 18 ವೋಲ್ಟ್ ಯುಎಸ್‌ಬಿಯಿಂದ ಬರುವುದಿಲ್ಲ. ಪೈ 4ರವರೆಗಿನ ಬೋರ್ಡ್‌ಗಳಲ್ಲಿ ಗಡಿಯಾರವಿಲ್ಲ. ಇಂಟರ್ನೆಟ್ ಇಲ್ಲದ ಕಾಡಿನಲ್ಲಿ ಆನ್ ಮಾಡಿದರೆ ಅದು ಹಳೆಯ ದಿನಾಂಕದಲ್ಲೇ ಎದ್ದು, ಇಂದಿನ ಟೈಮರ್ ಬರಲು ಇನ್ನೂ ಎಷ್ಟೋ ದಿನ ಇದೆ ಅಂದುಕೊಂಡು ಕೂರುತ್ತದೆ. ಡಿಎಸ್3231 ಗಡಿಯಾರದ ಮಾಡ್ಯೂಲ್ ಒಂದನ್ನು ಗುಂಡಿ ಬ್ಯಾಟರಿಯೊಂದಿಗೆ ಕೂರಿಸಿ, ಅಥವಾ ಟಿವಿಹೆಡ್‌ಎಂಡ್‌ನಲ್ಲಿ ಉಪಗ್ರಹದ ಸಿಗ್ನಲ್‌ನಿಂದ ಸಮಯ ತೆಗೆದುಕೊಳ್ಳುವ ಆಯ್ಕೆ ಹಾಕಿ.

ಹೊರಡುವಾಗ ರೆಕಾರ್ಡಿಂಗ್ ನಿಲ್ಲಿಸಿ, ಬಾಕ್ಸ್ ಆರಿಸಿ, ಆಮೇಲೆ ಕೇಬಲ್ ಬಿಚ್ಚಿ. ಬಾಕ್ಸ್ ಆನ್ ಇರುವಾಗ ಬಿಚ್ಚಿದ ತುದಿ ಟ್ರೈಪಾಡ್‌ಗೋ ವ್ಯಾನಿನ ಬಾಡಿಗೋ ತಗುಲಿದರೆ ಎಲ್‌ಎನ್‌ಬಿಗೆ ಹೋಗುವ ಕರೆಂಟ್ ಶಾರ್ಟ್ ಆಗಿ, ಬಾಕ್ಸ್‌ನ ಆ ಭಾಗ ಕೆಡಬಹುದು. ಕನೆಕ್ಟರ್ ಬಾಯಿಗೆ ರಬ್ಬರ್ ಟೋಪಿ ಹಾಕಿ; ನೀರು ಒಮ್ಮೆ ಕೇಬಲ್ ಒಳಗೆ ಇಳಿದರೆ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕುವುದೊಂದೇ ದಾರಿ.