ಠಾಣೆಯಿಂದ ಮುಂದೆ ಎಲ್ಲಿಗೆ?

14 ಮಾರ್ಚ್ 2024, ಗುರುವಾರ

ಮಾನಸಿಕ ಅಸ್ವಸ್ಥತೆಯಿಂದ ಸಂಕಟದಲ್ಲಿರುವವರೊಡನೆ ಹೇಗೆ ನಡೆದುಕೊಳ್ಳಬೇಕೆಂದು ಪೊಲೀಸರಿಗೆ ಕಲಿಸುವ ಪಾಠದ ಕರಡನ್ನು ಇಂದು ತಿದ್ದಿ ಮುಗಿಸಿದೆ. ಕಾಯಿಲೆಗಳ ಹೆಸರು, ವರ್ಗೀಕರಣಗಳಿಗೆ ಮೀಸಲಿದ್ದ ಪುಟಗಳಲ್ಲಿ ಹೆಚ್ಚಿನವನ್ನು ತೆಗೆದುಹಾಕಿದ್ದೇನೆ. ಕಾಯಿಲೆ ಯಾವುದೆಂದು ಗುರುತಿಸುವುದು ಕಾನ್‌ಸ್ಟೇಬಲ್‌ನ ಕೆಲಸವಲ್ಲ. ಸ್ಥಳಕ್ಕೆ ಬಂದ ಮೊದಲ ಕೆಲವು ನಿಮಿಷಗಳು ಮಾತ್ರ ಪೂರ್ತಿಯಾಗಿ ಅವರ ಕೈಯಲ್ಲಿರುತ್ತವೆ.

ಆ ನಿಮಿಷಗಳ ಬಗ್ಗೆ ವಿಸ್ತಾರವಾಗಿ ಬರೆದೆ. ಸೈರನ್ ನಿಲ್ಲಿಸಬೇಕು, ನೆರೆದ ಜನರನ್ನು ದೂರ ಕಳಿಸಬೇಕು, ಪೊಲೀಸರಲ್ಲಿ ಒಬ್ಬರೇ, ತಮ್ಮ ಹೆಸರು ಹೇಳಿಕೊಂಡು, ಚಿಕ್ಕ ವಾಕ್ಯಗಳಲ್ಲಿ, ಉತ್ತರಕ್ಕೆ ಕಾಯುತ್ತ ಮಾತನಾಡಬೇಕು. ಯಾರಿಗೂ ಕೇಳಿಸದ ಧ್ವನಿ ತನಗೆ ಕೇಳಿಸುತ್ತಿದೆ ಎಂದು ಆ ವ್ಯಕ್ತಿ ಹೇಳಿದರೆ ಅದು ಸುಳ್ಳೆಂದು ವಾದಿಸಲೂ ಬಾರದು, ತಮಗೂ ಕೇಳಿಸುತ್ತಿದೆಯೆಂದು ನಟಿಸಲೂ ಬಾರದು. ‘ನಿಮಗೆ ತುಂಬ ಭಯವಾಗಿದೆಯೆಂದು ಕಾಣುತ್ತದೆ, ಸಹಾಯಕ್ಕೆ ಬಂದಿದ್ದೇವೆ’ ಎಂದರೆ ಸಾಕು. ಕುಡಿದವರಂತೆ ತೋರುವವರ ರಕ್ತದ ಸಕ್ಕರೆ ಕುಸಿದಿರಬಹುದು, ತಲೆಗೆ ಪೆಟ್ಟು ಬಿದ್ದಿರಬಹುದು, ಆಗಷ್ಟೇ ಮೂರ್ಛೆ ಬಂದುಹೋಗಿರಬಹುದು. ಹಿಡಿಯಲೇಬೇಕಾಗಿ ಬಂದರೂ ಬೋರಲು ಮಲಗಿಸಿ ಬೆನ್ನ ಮೇಲೆ ಭಾರ ಹಾಕಬಾರದು, ಉಸಿರುಕಟ್ಟಿ ಪ್ರಾಣ ಹೋಗಬಹುದು. ಈ ಮಾತನ್ನು ದಪ್ಪ ಅಕ್ಷರಗಳಲ್ಲಿ ಹಾಕಿದ್ದೇನೆ.

ಇಂತಹ ತರಬೇತಿಗೆ ಹೆಸರಾದ ಮಾದರಿ ಅಮೆರಿಕದ ಮೆಂಫಿಸ್ ನಗರದ್ದು. ಅಲ್ಲಿ 1987ರಲ್ಲಿ ಮಾನಸಿಕ ಅಸ್ವಸ್ಥನಾಗಿದ್ದ ಯುವಕನೊಬ್ಬ ಪೊಲೀಸರ ಗುಂಡಿಗೆ ಬಲಿಯಾದ ಮೇಲೆ, 1988ರಲ್ಲಿ ಅದು ರೂಪುಗೊಂಡಿತು. ಅದರ 40 ಗಂಟೆಗಳ ಪಾಠಕ್ರಮಕ್ಕಿಂತಲೂ, ಪೊಲೀಸರು ಕರೆತಂದವರನ್ನು ಹಿಂದಕ್ಕೆ ಕಳಿಸದೆ ಸೇರಿಸಿಕೊಳ್ಳುವ ಆಸ್ಪತ್ರೆಯೊಂದು ಅಲ್ಲಿತ್ತು ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ. ಅದಿಲ್ಲದೆ ಎಷ್ಟೇ ಚೆನ್ನಾಗಿ ಕಲಿತ ಪೊಲೀಸರಿಗೂ ಕೊನೆಗೆ ಉಳಿಯುವುದು ಲಾಕಪ್ ಒಂದೇ.

ಮನೋವೈದ್ಯರೇ ವಿರಳವಾದ ನಾಡಿಗೆ ಹೆಚ್ಚು ಹತ್ತಿರವಾದದ್ದು ಪಶ್ಚಿಮ ಆಫ್ರಿಕದ ಲೈಬೀರಿಯದ ಅನುಭವ. ಅಂತರ್ಯುದ್ಧದಿಂದ ಜರ್ಜರಿತವಾಗಿದ್ದ ಆ ದೇಶದಲ್ಲಿ ಸರ್ಕಾರ ಮತ್ತು ಅಮೆರಿಕದ ಸೇವಾಸಂಸ್ಥೆಯಾದ ಕಾರ್ಟರ್ ಸೆಂಟರ್ ಸೇರಿ 2010ರಿಂದ ದಾದಿಯರಿಗೂ ವೈದ್ಯ ಸಹಾಯಕರಿಗೂ ಮಾನಸಿಕ ಆರೋಗ್ಯ ಸೇವೆಯ ತರಬೇತಿ ಕೊಡತೊಡಗಿದವು. ಮುಂದೆ ಪೊಲೀಸರ ತರಬೇತಿಯನ್ನು ಇವರೊಂದಿಗೆ ಜೋಡಿಸಲಾಯಿತು.

ಆದ್ದರಿಂದ ನಮ್ಮ ಪಾಠದಲ್ಲಿಯೂ ಆರೋಗ್ಯ ಕೇಂದ್ರದ ದಾದಿಯರು ಪೊಲೀಸರ ಪಕ್ಕದಲ್ಲೇ ಕುಳಿತು ಕಲಿಯಬೇಕೆಂದು ಬರೆದಿದ್ದೇನೆ. ವರ್ಗಾವಣೆಯಾದರೂ ಕಲಿಕೆ ನಿಲ್ಲದಂತೆ ಪ್ರತಿ ಠಾಣೆಯಲ್ಲಿ ಇಬ್ಬರನ್ನಾದರೂ ತರಬೇತುದಾರರನ್ನಾಗಿ ಸಿದ್ಧಗೊಳಿಸಬೇಕು. ರಾತ್ರಿ ವೇಳೆ ಯಾರಿಗೆ ಫೋನ್ ಮಾಡಬೇಕು, ಯಾವ ಕೇಂದ್ರದ ಬಾಗಿಲು ತೆರೆದಿರುತ್ತದೆ, ವಾಹನದ ಇಂಧನದ ಖರ್ಚು ಯಾರದು ಎಂಬ ಪ್ರಶ್ನೆಗಳಿಗೆ ಕರಡಿನಲ್ಲಿ ಇನ್ನೂ ಖಾಲಿ ಜಾಗವಿದೆ. ಪೊಲೀಸ್ ಮತ್ತು ಆರೋಗ್ಯ ಇಲಾಖೆಗಳೆರಡೂ ಅವುಗಳಿಗೆ ಲಿಖಿತವಾಗಿ ಉತ್ತರಿಸುವವರೆಗೆ ತರಬೇತಿಯ ದಿನಾಂಕವನ್ನು ನಿಗದಿಪಡಿಸುವುದಿಲ್ಲ.