ಹಗ್ಗ ಕಿತ್ತುಕೊಂಡು ಓಡುವ ಕುದುರೆ

ಬೀದರಿನ ಹೊರವಲಯದಲ್ಲಿರುವ ನಮ್ಮ ಹೊಲದಲ್ಲಿ ಎರಡು ವರ್ಷಗಳಿಂದ ಒಂದು ಗಂಡು ಕುದುರೆ ಇದೆ. ನಾಂದೇಡ ಜಿಲ್ಲೆಯ ಮಾಳೇಗಾಂವದ ಖಂಡೋಬಾ ಜಾತ್ರೆಯಿಂದ ಕೊಂಡು ತಂದಾಗ ಅದಕ್ಕೆ ನಾಲ್ಕು ವರ್ಷ; ಈಗ ಮೈ ತುಂಬಿಕೊಂಡು ಸುಮಾರು 350 ಕಿಲೋ ತೂಗುತ್ತದೆ. ಬೆನ್ನೇರುವ ಮೊದಲು ನೆಲದ ಮೇಲೆ ನಿಂತು, ಮುಖಪಟ್ಟಿಗೆ ಉದ್ದದ ಹಗ್ಗ ಕಟ್ಟಿ, ನಡೆಯುವುದು, ನಿಲ್ಲುವುದು, ಸುತ್ತ ತಿರುಗುವುದನ್ನು ಕಲಿಸಲು ಹೊರಟೆ. ಮೂರನೆಯ ದಿನವೇ ಅದು ಕುತ್ತಿಗೆಯನ್ನು ನೆಟ್ಟಗೆ ಚಾಚಿ, ನನ್ನನ್ನು ಕೆಂಪು ಮಣ್ಣಿನ ಮೇಲೆ ಹತ್ತು ಹೆಜ್ಜೆ ಎಳೆದುಕೊಂಡು ಹೋಗಿ, ಹಗ್ಗ ಕಿತ್ತುಕೊಂಡು ಓಡಿತು. ಆ ತಿಂಗಳಲ್ಲಿ ಹೀಗೆ ಎಂಟು ಸಲ ನಡೆಯಿತು.

ಮನೆಯವರೆಲ್ಲರೂ ವಿಮಾನಗಳ ಸದ್ದನ್ನು ದೂರಿದರು. ಬೀದರಿನ ವಾಯುಪಡೆ ನೆಲೆಯಿಂದ ತರಬೇತಿಯ ಹಾಕ್ ಜೆಟ್ಟುಗಳು ಏರಿದಾಗ ಹೊಲದಲ್ಲಿ ಮಾತು ಕೇಳಿಸುವುದಿಲ್ಲ. ಆದ್ದರಿಂದ ನಾನೂ ಮೊದಲು ಅದನ್ನೇ ನಂಬಿದೆ. ಆದರೆ ದಿನಚರಿಯಲ್ಲಿ ಬರೆದಿಟ್ಟುಕೊಂಡು ನೋಡಿದಾಗ, ಎಂಟು ಸಲಗಳಲ್ಲಿ ಆಕಾಶದಲ್ಲಿ ವಿಮಾನವಿದ್ದದ್ದು ಒಂದೇ ಸಲ. ಇನ್ನೊಂದು ಸಂಗತಿಯೂ ಆಗ ಕಣ್ಣಿಗೆ ಬಿತ್ತು. ನಿಜವಾಗಿ ಬೆದರಿದ ಕುದುರೆ ಬೇಲಿ, ಬಾವಿ, ಮನುಷ್ಯ ಯಾವುದನ್ನೂ ಲೆಕ್ಕಿಸದೆ ನುಗ್ಗುತ್ತದೆ ಮತ್ತು ನಿಂತ ಮೇಲೂ ಬಹಳ ಹೊತ್ತು ನಡುಗುತ್ತದೆ. ನಮ್ಮದು ಮೂವತ್ತು ಹೆಜ್ಜೆ ಓಡಿ, ವೇಗ ಇಳಿಸಿ, ನೇರವಾಗಿ ಕೊಟ್ಟಿಗೆಗೆ ಹೋಗಿ ದಾಣಿಯಲ್ಲಿ ಬಾಯಿ ಇಡುತ್ತಿತ್ತು. ಅದು ಹೆದರಿ ಓಡುತ್ತಿರಲಿಲ್ಲ; ಬಲವಾಗಿ ಜಗ್ಗಿದರೆ ಕೆಲಸ ಮುಗಿಯುತ್ತದೆ, ಮೇವು ಸಿಗುತ್ತದೆ ಎಂಬ ಪಾಠವನ್ನು ನನ್ನಿಂದಲೇ ಕಲಿತಿತ್ತು.

ಆ ಪಾಠವನ್ನು ನಾನು ಕಲಿಸಿದ್ದು ಎತ್ತು ಹಿಡಿದು ಬೆಳೆದ ಕೈಗಳಿಂದ. ಒಂದು ಸಂಜೆ ಅಂಗೈ ಸುಲಿದುಕೊಂಡು ಕುಳಿತಿದ್ದಾಗ ನಮ್ಮ ಕಾಕಾ ಹೇಳಿದರು: "ಎತ್ತಿಗಿ ಮೂಗುದಾರ ಅದ, ಇದಕ್ಕೇನದ? ನೀ ಜಗ್ಗಿದ್ರ ಅದೇ ಗೆಲ್ತದ." ಅವರು ಕುದುರೆ ಸಾಕಿದವರಲ್ಲ, ಆದರೂ ಮಾತು ಸರಿಯಾದ ಜಾಗಕ್ಕೆ ತಗುಲಿತು. ಕುದುರೆಯ ತಲೆ, ಕುತ್ತಿಗೆ, ಬೆನ್ನು ಒಂದೇ ಗೆರೆಯಲ್ಲಿ ನೆಟ್ಟಗಾದಾಗ ಹಿಂಗಾಲುಗಳ ಪೂರ್ತಿ ಶಕ್ತಿ ಮುಂದಕ್ಕೆ ಹರಿಯುತ್ತದೆ. ಹಿಂದೆ ನಿಂತು ಹಿಮ್ಮಡಿ ಊರಿ ಎಳೆಯುವವನ ತೂಕ ಅದಕ್ಕೆ ಲೆಕ್ಕಕ್ಕೇ ಬರುವುದಿಲ್ಲ. ಅದೇ ತಲೆ ಪಕ್ಕಕ್ಕೆ ಬಾಗಿ, ಒಳಬದಿಯ ಹಿಂಗಾಲು ಹೊಟ್ಟೆಯ ಕೆಳಗೆ ಹಾದು ಇನ್ನೊಂದು ಕಾಲಿನ ಮುಂದೆ ಅಡ್ಡ ಬಿದ್ದರೆ, ಮುಂದಕ್ಕೆ ನೂಕಲು ಅದಕ್ಕೆ ಆಸರೆ ಉಳಿಯುವುದಿಲ್ಲ. ಹೀಗಾಗಿ ಹಗ್ಗ ಹಿಡಿದವನು ಹಿಂದೆ ಉಳಿಯದೆ ಭುಜದ ಪಕ್ಕದಲ್ಲಿ, ಒಂದಿಷ್ಟು ದೂರ ಬಿಟ್ಟು ಇರಬೇಕು.

ಇದು ಓಟ ಶುರುವಾದ ಮೇಲೆ ಮಾಡುವ ಕೆಲಸವಲ್ಲ. ನಮ್ಮ ಕುದುರೆ ಓಡುವ ಮೊದಲು ನನ್ನ ಕಡೆಯ ಕಿವಿಯನ್ನು ಬೇರೆಡೆಗೆ ತಿರುಗಿಸುತ್ತದೆ, ತಲೆ ಎತ್ತುತ್ತದೆ, ಹೊರಭುಜವನ್ನು ಕೊಟ್ಟಿಗೆಯ ದಿಕ್ಕಿಗೆ ಉಬ್ಬಿಸುತ್ತದೆ, ಆಮೇಲೆ ಕುತ್ತಿಗೆಯನ್ನು ಮರದ ಕೊರಡಿನಂತೆ ಬಿಗಿ ಮಾಡುತ್ತದೆ. ಕಿವಿ ಹೋದಾಗಲೇ ಹಗ್ಗದಿಂದ ತಲೆಯನ್ನು ಮೆಲ್ಲಗೆ ಪಕ್ಕಕ್ಕೆ ಕರೆಯಬೇಕು. ಕುತ್ತಿಗೆ ಬಿಗಿಯಾಗುವವರೆಗೆ ಕಾದರೆ ಅವಕಾಶ ಮುಗಿಯಿತು. ನಾನು ಎರಡು ವಾರ ಬೇರೇನೂ ಕಲಿಸದೆ, ನಿಂತಲ್ಲೇ ಹಿಂಭಾಗವನ್ನು ಎಡಕ್ಕೆ, ಬಲಕ್ಕೆ ಸರಿಸುವುದನ್ನು ಮತ್ತು ಎರಡು ಹೆಜ್ಜೆ ಹಿಂದೆ ಸರಿಯುವುದನ್ನು ಮಾತ್ರ, ದಿನಕ್ಕೆ ಹದಿನೈದು ನಿಮಿಷದಂತೆ ಅಭ್ಯಾಸ ಮಾಡಿಸಿದೆ. ಅದು ಕಾಲು ಎತ್ತಿ ಅಡ್ಡ ಇಟ್ಟ ಕ್ಷಣವೇ ಹಗ್ಗ ಸಡಿಲವಾಗಬೇಕು. ಕುದುರೆಗೆ ಉತ್ತರ ಸರಿಯೆಂದು ತಿಳಿಯುವುದು ಆ ಸಡಿಲಿಕೆಯಿಂದಲೇ. ಮೂರು ನಾಲ್ಕು ಸೆಕೆಂಡು ತಡವಾದರೂ ಅದು ಬೇರೆ ಯಾವುದೋ ಚಲನೆಗೆ ಸಿಕ್ಕ ಬಹುಮಾನವಾಗುತ್ತದೆ. ಈ ಕೆಲಸಕ್ಕೆಂದೇ 60 ಅಡಿ ಅಗಲದ ದುಂಡು ಆವರಣವನ್ನು ಕಟ್ಟಿಗೆಯ ಗಳಗಳಿಂದ ಮಾಡಿಕೊಂಡೆ. ಮುಳ್ಳುತಂತಿಯನ್ನು ಹತ್ತಿರವೂ ಬಿಡಲಿಲ್ಲ. ಕೆಲಸ ಮುಗಿದ ಮೇಲೆ ಅಲ್ಲೇ ಕಟ್ಟಿ ಅರ್ಧ ಗಂಟೆ ನಿಲ್ಲಿಸಿ, ನಂತರವೇ ಕೊಟ್ಟಿಗೆಗೆ ಕರೆದೊಯ್ಯುತ್ತೇನೆ. ಓಟಕ್ಕೂ ದಾಣಿಗೂ ಇದ್ದ ನಂಟನ್ನು ಕಡಿಯಲು ಇದು ಬಹಳ ನೆರವಾಯಿತು.

ತರಬೇತಿಯನ್ನು ದೂಷಿಸುವ ಮುನ್ನ ಕುದುರೆಯ ಬಾಯನ್ನು ನೋಡಿಸಬೇಕಿತ್ತು; ನಾನು ತಡ ಮಾಡಿದೆ. ಕುದುರೆಯ ಮೇಲ್ದವಡೆ ಕೆಳದವಡೆಗಿಂತ ಅಗಲ, ಹೀಗಾಗಿ ಮೇಲಿನ ದವಡೆ ಹಲ್ಲುಗಳ ಹೊರ ಅಂಚು ಸವೆಯದೆ ಚೂಪಾಗುತ್ತದೆ. ಮುಖಪಟ್ಟಿ ಬಿಗಿದಾಗ ಕೆನ್ನೆ ಆ ಅಂಚಿಗೆ ಒತ್ತಿ ನೋಯುತ್ತದೆ. ಪಶುವೈದ್ಯರು ಅರದಿಂದ ಉಜ್ಜಿ ಸಮ ಮಾಡಿದ ಮೇಲೆ ಅದು ತಲೆ ಕೊಡುವ ರೀತಿಯೇ ಬದಲಾಯಿತು. ಮೇವಿನಲ್ಲೂ ತಪ್ಪಿತ್ತು. 15ನೇ ಶತಮಾನದಲ್ಲಿ ಕುದುರೆ ಮಾರಲು ಬೀದರಿಗೆ ಬಂದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಕೂಡ ಇಲ್ಲಿಯವರು ಕುದುರೆಗೆ ಕಾಳು ತಿನ್ನಿಸುವುದನ್ನು ಬರೆದಿಟ್ಟಿದ್ದಾನೆ. ಆದರೆ ಆ ಕುದುರೆಗಳಿಗೆ ದುಡಿಮೆಯಿತ್ತು. ನಾನು ದಿನವಿಡೀ ಕಟ್ಟಿಹಾಕಿದ ಪ್ರಾಣಿಗೆ ಎರಡು ಕಿಲೋ ನೆನೆಸಿದ ಕಡಲೆ ಹಾಕುತ್ತಿದ್ದೆ. ಈಗ ಕಡಲೆ ಹಿಡಿಯಷ್ಟು, ಉಳಿದಂತೆ ಒಣಹುಲ್ಲು ಮತ್ತು ಜೋಳದ ಕಣಿಕೆ ಆರೇಳು ಕಿಲೋ. ಬೆಳಿಗ್ಗೆ ಎರಡು ತಾಸು ಬಿಟ್ಟು ಮೇಯಿಸುತ್ತೇನೆ.

ಹಗ್ಗದ ವಿಷಯವನ್ನು ಒತ್ತಿ ಹೇಳಬೇಕು. ನೈಲಾನ್ ಹಗ್ಗ ಬೇಡ. 12 ರಿಂದ 14 ಅಡಿ ಉದ್ದದ ದಪ್ಪ ನೂಲಿನ ಹಗ್ಗವಿರಲಿ, ಕೈಗವಸು ಇರಲಿ. ಉಳಿದ ಹಗ್ಗವನ್ನು ಮಡಿಕೆ ಮಾಡಿ ಮುಷ್ಟಿಯಲ್ಲಿ ಅಡ್ಡಲಾಗಿ ಹಿಡಿಯಬೇಕೇ ಹೊರತು ಅಂಗೈಗಾಗಲಿ ಮಣಿಕಟ್ಟಿಗಾಗಲಿ ಎಂದಿಗೂ ಸುತ್ತಿಕೊಳ್ಳಬಾರದು. ಸುತ್ತಿಕೊಂಡ ಹಗ್ಗ ಬೆರಳು ಕತ್ತರಿಸಬಹುದು, ಮನುಷ್ಯನನ್ನು ಎಳೆದುಕೊಂಡು ಹೋಗಿ ಕೊಲ್ಲಲೂಬಹುದು. ಕುದುರೆ ಆಗಲೇ ನೆಟ್ಟಗಾಗಿ ನಾಗಾಲೋಟಕ್ಕೆ ಬಿದ್ದಿದ್ದರೆ ಕೈ ಬಿಡಬೇಕು; ಆ ವೇಗದಲ್ಲಿ ತಲೆಯನ್ನು ಗಕ್ಕನೆ ತಿರುಗಿಸಿದರೆ ಅದು ಮಗುಚಿ ಬೀಳಬಹುದು. ಬಿಟ್ಟ ಮೇಲೆ ಬೆನ್ನಟ್ಟದೆ, ಕೂಗಾಡದೆ, ನಡೆದುಕೊಂಡು ಹೋಗಿ ಹಿಡಿದು, ಕೆಲಸ ನಿಂತುಹೋದ ಜಾಗಕ್ಕೇ ಕರೆತಂದು, ಅದಕ್ಕೆ ಚೆನ್ನಾಗಿ ಗೊತ್ತಿರುವ ಒಂದು ಸಣ್ಣ ಕೆಲಸ ಮಾಡಿಸಿ ಬಿಡುವುದು ಒಳ್ಳೆಯದು.

ಮೂರು ತಿಂಗಳಿಂದ ಎಡಬದಿಯಲ್ಲಿ ಅದು ಒಮ್ಮೆಯೂ ಕಿತ್ತುಕೊಂಡಿಲ್ಲ. ಮೊನ್ನೆ ಎಮ್ಮೆಗಳ ಹಿಂಡು ಬದುವಿನ ಮೇಲೆ ಬಂದಾಗ ಕಿವಿ ಹೋಯಿತು, ತಲೆ ಎದ್ದಿತು; ಹಗ್ಗದಿಂದ ಪಕ್ಕಕ್ಕೆ ಕರೆದ ಕೂಡಲೇ ಹಿಂಗಾಲು ಅಡ್ಡ ಇಟ್ಟು ನನ್ನತ್ತ ಮುಖ ಮಾಡಿ ನಿಂತು ಉಸಿರು ಬಿಟ್ಟಿತು. ಬಲಬದಿಯಲ್ಲಿ ಕುತ್ತಿಗೆ ಇನ್ನೂ ಬಿಗಿಯಾಗುತ್ತದೆ. ಆ ಬದಿಯ ಅಭ್ಯಾಸವನ್ನು ಆವರಣದೊಳಗೇ ಇಟ್ಟುಕೊಂಡಿದ್ದೇನೆ.